ಕುಂತು ನುಡಿಸಿದ ಸ್ಯಾಕ್ಸೊಫೋನು

ಮಹಾಂತಪ್ಪ ಅನ್ನೋ ಹೆಸರು ಕೇಳಿದ ಕೂಡಲೇ ನಿಮಗೆ ಯಾರು ನೆನಪಾಗ್ತಾರೆ? ನಮ್ಮ ವಿಜಯಪುರದ ಕಡೆಯವರಾದರೆ ಪಕ್ಕದ ಹೊಲದ ಮಾಂತಪ್ಪ ಕಾಕಾ, ಕಿರಾಣಿ ಅಂಗಡಿ ಮಾಂತಪ್ಪ, ಲೆಕ್ಕ ಕಲಿಸಿದ ಮಾಂತಪ್ಪ ಮಾಸ್ತರ್, ಹೀಗೆ ಒಂದು ಪಟ್ಟಿಯೇ ಬರುತ್ತೆ. ಆ ಪಟ್ಟಿಗೆ ಇನ್ನೊಬ್ಬರನ್ನ ಸೇರಿಸಿಕೊಳ್ಳಿ: ರುದ್ರೇಶ್ ಮಹಾಂತಪ್ಪ. ಇವರು ಅಮೆರಿಕದ ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕ. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ಸಂಗೀತದ ನಿರ್ದೇಶಕರು. ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್‌ನಲ್ಲಿ. ಬೆಳೆದದ್ದು ಕೊಲರಾಡೊದ ಬೌಲ್ಡರ್‌ನಲ್ಲಿ. ಮನೆತನದ ಬೇರು ಮಾತ್ರ ಕರ್ನಾಟಕದ್ದು.

2004ರಲ್ಲಿ ಇವರ ಒಂದು ಆಲ್ಬಮ್ ಬಂತು, ಹೆಸರು 'ಮದರ್ ಟಂಗ್'. ಅಮೆರಿಕದಲ್ಲಿ ನಮ್ಮವರನ್ನ ಯಾರಾದರೂ 'ನೀವು ಇಂಡಿಯನ್ ಮಾತಾಡ್ತೀರಾ?' ಅಂತ ಕೇಳ್ತಾರಲ್ಲ, ಆ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನ ಇವರು ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರ ಮಾಡಿ ಸ್ಯಾಕ್ಸೊಫೋನಿಗೆ ತಂದರು. ಅದರಲ್ಲಿ ಒಂದು ತುಣುಕಿನ ಹೆಸರೇ 'ಕನ್ನಡ'. ಕೆಲಸದ ನಡುವೆ ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿದಾಗ ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಆ ಹೆಸರು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದರೆ ಸಿಕ್ಕಿದ್ದು ನಮ್ಮ ಕದ್ರಿ ಗೋಪಾಲನಾಥ್.

ಕಾಲೇಜಿನಲ್ಲಿದ್ದಾಗ ರುದ್ರೇಶ್ ಅವರಿಗೆ ಅವರ ಸಹೋದರ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟಿದ್ದರಂತೆ. ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್', ನುಡಿಸಿದವರು ಕದ್ರಿ. ತಮಾಷೆ ಅಲ್ಲಿಗೇ ನಿಂತುಹೋಯಿತು. ಮುಂದೆ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸಿದರು. 2008ರಲ್ಲಿ 'ಕಿನ್ಸ್‌ಮೆನ್' ಆಲ್ಬಮ್ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ 'ಬಳಗದವರು'.

ಕದ್ರಿಯವರು ತೀರಿಕೊಂಡಿದ್ದು 2019ರ ಅಕ್ಟೋಬರ್ 11ಕ್ಕೆ. ಹುಟ್ಟಿದ ದಿನ ಡಿಸೆಂಬರ್ 6, 1949. ಹೋದ ಡಿಸೆಂಬರಿನಲ್ಲಿ ನಾವು ಹನ್ನೊಂದು ಮಂದಿ ಗೆಳೆಯರು, ಎಲ್ಲರೂ ಐಟಿ, ಬ್ಯಾಂಕು, ಕಾಲೇಜು ಅಂತ ಸಂಬಳದ ಮಂದಿ, ಅವರ ನೆನಪಿಗೆ ಒಂದು ಸಂಜೆ ಸಂಗೀತ ಇಟ್ಟುಕೊಳ್ಳೋಣ ಅಂತ ಮಾಡಿದೆವು. ಅದರ ಕತೆ ಇದು. ಕತೆಯ ನಡುವೆ ನಿಮ್ಮೆಲ್ಲರ ಮದುವೆ ಮೆರವಣಿಗೆಯೂ ಬರುತ್ತೆ, ಹಾಗಾಗಿ ಪೂರ್ತಿ ಓದಿ.

ಗೋಳಗುಮ್ಮಟದಾಗ ಮಾಡೂಣು!

ವಾಟ್ಸ್ಆ್ಯಪ್ ಗ್ರೂಪು ಮಾಡಿದ ಮೊದಲ ದಿನವೇ ಒಬ್ಬ ಬರೆದ, "ಗೋಳಗುಮ್ಮಟದಾಗ ಮಾಡೂಣು." ವಿಜಯಪುರದಲ್ಲಿ ಯಾವ ಕಾರ್ಯಕ್ರಮದ ಮಾತು ಬಂದರೂ ಇದು ಬಂದೇ ಬರುತ್ತೆ. ಅನುಮತಿಯ ಪ್ರಶ್ನೆ ದೂರ ಇರಲಿ, ಒಂದು ಚಪ್ಪಾಳೆ ಏಳು ಸಲ ಮರಳಿ ಕೇಳೋ ಜಾಗದಲ್ಲಿ ಸ್ಯಾಕ್ಸೊಫೋನ್ ಊದಿದರೆ ಮೊದಲ ಸ್ವರ ಇಳಿಯೋ ಮುಂಚೆ ಹತ್ತನೆಯ ಸ್ವರ ಅದರ ಮೇಲೆ ಕೂತಿರುತ್ತೆ. ಇನ್ನೊಬ್ಬ ಎಲ್‌ಇಡಿ ಪರದೆ ಅಂದ. ಮತ್ತೊಬ್ಬಳು ಬೆಂಗಳೂರಿನಿಂದ ಒಳ್ಳೆ ಜಾಝ್ ತಂಡ ಕರೆಸೋಣ ಅಂದಳು. ಖರ್ಚು ಕೇಳಿ ಗ್ರೂಪು ಎರಡು ದಿನ ಮೌನ ಆಯಿತು.

ಆ ಎರಡು ದಿನದಲ್ಲಿ ನನಗೆ ಒಂದು ಪ್ರಶ್ನೆ ಹತ್ತಿತು. ಹೋದವರ ನೆನಪಿಗೆ ಅಂತ ಸಂಗೀತ ಮಾಡೋದು ಅಂದರೆ ಏನು ಮಾಡಬೇಕು? ಅವರು ನುಡಿಸಿದ್ದನ್ನೇ ಮತ್ತೆ ನುಡಿಸೋದಾ?

ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಕಡೆ ಪುಣ್ಯತಿಥಿ ಸಂಗೀತ ಅಂತಾರೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರು ಮಾಡಿದರು. ಅದು ಈಗ ದೇಶದ ದೊಡ್ಡ ಸಂಗೀತ ಉತ್ಸವಗಳಲ್ಲಿ ಒಂದು. ಅಲ್ಲಿ ಯಾರೂ ಸವಾಯಿ ಗಂಧರ್ವರ ದನಿಯನ್ನ ಅನುಕರಿಸೋದಿಲ್ಲ. ಸಿತಾರು, ಸಂತೂರು, ಕೊಳಲು, ಬೇರೆ ಬೇರೆ ಘರಾಣೆ, ಅವರವರು ಅವರವರದ್ದನ್ನ ಮಾಡ್ತಾರೆ. ಗುರುವಿನ ಎದುರು ತನ್ನ ಪಾಠ ಒಪ್ಪಿಸಿದ ಹಾಗೆ.

ಜಾಝ್‌ನಲ್ಲೂ ಲೆಕ್ಕ ಹೀಗೇ ಇದೆ ಅನ್ನೋದು ನನಗೆ ರುದ್ರೇಶ್ ಮಹಾಂತಪ್ಪ ಅವರ ಇನ್ನೊಂದು ಆಲ್ಬಮಿನಿಂದ ತಿಳಿಯಿತು. 2015ರ 'ಬರ್ಡ್ ಕಾಲ್ಸ್'. ಜಾಝ್ ಲೋಕದ ಅತಿ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರಿಗೆ ಸಲ್ಲಿಸಿದ ಗೌರವ ಅದು. ಪಾರ್ಕರ್ ಹುಟ್ಟಿದ್ದು 1920ರಲ್ಲಿ, ಹೋಗಿದ್ದು 1955ರಲ್ಲಿ, ಬರೀ 34 ವರ್ಷಕ್ಕೆ. ಎಲ್ಲರೂ ಅವರನ್ನ 'ಬರ್ಡ್' ಅಂತ ಕರೀತಿದ್ದರು. ಅಚ್ಚರಿ ಏನಂದ್ರೆ ಈ ಆಲ್ಬಮಿನಲ್ಲಿ ಪಾರ್ಕರ್ ಅವರ ಒಂದೇ ಒಂದು ಹಾಡೂ ಇದ್ದ ಹಾಗೇ ಇಲ್ಲ. 'ಡೊನ್ನಾ ಲೀ' ಅನ್ನೋ ಪ್ರಸಿದ್ಧ ಹಾಡಿನಿಂದ 'ಆನ್ ದ ಡಿಎಲ್' ಆಗಿದೆ. 'ಪಾರ್ಕರ್ಸ್ ಮೂಡ್'ನಿಂದ 'ಟಾಲಿನ್ ಈಸ್ ಥಿಂಕಿಂಗ್' ಆಗಿದೆ. ಟಾಲಿನ್ ಅಂದರೆ ಇವರ ಮಗ. ಹಳೆಯ ಹಾಡಿನ ಬೀಜ ತೊಗೊಂಡು ತಮ್ಮ ಹೊಲದಲ್ಲಿ ಬಿತ್ತಿದ್ದಾರೆ, ಅಷ್ಟೇ.

ಇದನ್ನ ಗ್ರೂಪಿನಲ್ಲಿ ಬರೆದೆ. "ಹಂಗಾದ್ರ ನಮ್ಮ ಹೊಲ ಯಾವುದು?" ಅಂತ ಬಬಲೇಶ್ವರದ ಗೆಳೆಯ ಕೇಳಿದ. ಆಮೇಲೆ ಅವನೇ ಉತ್ತರವನ್ನೂ ಬರೆದ: "ನಮ್ಮಪ್ಪನ ಲಗ್ನದಾಗ ಒಬ್ಬರು ಸ್ಯಾಕ್ಸೊಫೋನ್ ಊದಿದ್ರು. ಇನ್ನೂ ಅದಾರ, ತಿಕೋಟಾದಾಗ."

ತೊರವಿ ದಾಟಿ ತಿಕೋಟಾಕ್ಕೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಮೊದಲು ತೊರವಿ ಸಿಗುತ್ತೆ, ಆಮೇಲೆ ತಿಕೋಟಾ. ತೊರವಿಯಲ್ಲಿ ಒಂದು ಪಾಳುಬಿದ್ದ ಕಟ್ಟಡ ಇದೆ, ಸಂಗೀತ ಮಹಲ್. ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನ ರಾಜ. ಹಾಡು ಬರೆದು 'ಕಿತಾಬ್-ಎ-ನವರಸ್' ಅಂತ ಪುಸ್ತಕ ಮಾಡಿದವನು. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟವನು. 1599ರಲ್ಲಿ ಇಲ್ಲಿ ನವರಸಪುರ ಅನ್ನೋ ಊರನ್ನೇ ಕಟ್ಟಿಸಲು ಶುರು ಮಾಡಿದ. 1624ರಲ್ಲಿ ಮಲಿಕ್ ಅಂಬರ್‌ನ ದಾಳಿಗೆ ಆ ಊರು ಹಾಳಾಯಿತು. ಈಗ ನಮ್ಮ ಜಿಲ್ಲೆಯ ಉತ್ಸವಕ್ಕೆ ಅದೇ ಹೆಸರು, ನವರಸಪುರ ಉತ್ಸವ. ನಾನೂರು ವರ್ಷದ ಹಿಂದೆ ಹಾಡೋರು, ಬಾರಿಸೋರು ಕೆಲಸ ಹುಡುಕಿಕೊಂಡು ಬರ್ತಿದ್ದ ದಾರಿಯಲ್ಲೇ ನಾವು ಬೈಕ್ ಮೇಲೆ ಹೋಗಿ, ಕೆಲಸ ಇಲ್ಲದ ಒಬ್ಬ ವಾದಕರ ಮನೆ ಮುಂದೆ ನಿಂತೆವು.

ಕಾಕಾ ಅಂತಲೇ ಕರೀತೀನಿ, ಹೆಸರು ಬೇಡ ಅಂದಿದ್ದಾರೆ. ವಯಸ್ಸು ಅರವತ್ತರ ಮೇಲೆ. ಬ್ಯಾಂಡ್ ಕಂಪನಿಯಲ್ಲಿ ಮೂವತ್ತೈದು ವರ್ಷ ಊದಿದವರು. ಮೊದಲು ಕ್ಲಾರಿನೆಟ್, ಆಮೇಲೆ ಸ್ಯಾಕ್ಸೊಫೋನ್. ವಾದ್ಯ ಮೀರತ್‌ನಲ್ಲಿ ತಯಾರಾಗಿದ್ದು, ಆಲ್ಟೊ. ಹಳೆ ದುಪ್ಪಟಿಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದರು. ಲಗ್ನದ ಸೀಸನ್ನಿನಲ್ಲಿ ಮೊದಲು ದಿನಕ್ಕೆ ಎರಡು ಮೆರವಣಿಗೆ ಇರ್ತಿದ್ದವಂತೆ. ಈಗ ವರ್ಷಕ್ಕೆ ಬೆರಳೆಣಿಕೆ. ಎಲ್ಲರಿಗೂ ಡಿಜೆ ಬೇಕು. ಅವರ ಮಗನೇ ಡಿಜೆ ಗಾಡಿಯಲ್ಲಿ ಆಪರೇಟರ್.

"ಇದನ್ನ ಮಾರಾಕ ಹಚ್ಚೀನಿ," ಅಂದರು ಕಾಕಾ. "ಗಿರಾಕಿ ಅದಾರ. ಪ್ಯಾಡ್ ಗಾಳಿ ಬಿಡ್ತಾವ ಅಂತ ರೇಟ್ ಕಡಿಮಿ ಕೇಳಾಕತ್ತಾರ."

ನಾವು ಬಂದ ವಿಷಯ ಹೇಳಿದೆವು. ಕಾಕಾ ಒಪ್ಪಲಿಲ್ಲ. ರೊಕ್ಕದ ಮಾತೇ ಬರಲಿಲ್ಲ, ಕಾರಣ ಬೇರೆ ಇತ್ತು.

"ನಾವು ಓಣ್ಯಾಗ ನಿಂತು ಊದೋ ಮಂದಿ ತಮ್ಮಾ. ಸ್ಟೇಜ್ ಮ್ಯಾಲ ಕುಂತು ಊದೋರು ಬ್ಯಾರೆ."

ಈ 'ಬ್ಯಾರೆ' ಅನ್ನೋ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಡಿನವರು, ಹಲಗಿಯವರು, ಸನಾದಿ ಊದೋ ಭಜಂತ್ರಿಗಳು ಇಲ್ಲದೆ ಲಗ್ನ ಆಗೋದಿಲ್ಲ. ಆದರೆ ಲಗ್ನದ ಊಟದಲ್ಲಿ ಅವರದು ಕೊನೆಯ ಪಂಕ್ತಿ. ಎಷ್ಟೋ ಕಡೆ ಪಂಕ್ತಿಯೂ ಇಲ್ಲ, ಮಂಟಪದ ಹಿಂದೆ ಟೆಂಪೊ ಹತ್ತಿರ ತಾಟು ಹಿಡಿದು ಉಣ್ಣೋದು. ಬೀಗರು ಕುಣೀತಾರೆ, ನೋಟು ಹಾರಿಸ್ತಾರೆ, "ಏ, ಜೋರ ಊದೋ" ಅಂತಾರೆ. ಕೂತುಕೊಳ್ಳಿ ಅಂತ ಯಾರೂ ಅನ್ನೋದಿಲ್ಲ.

ನನ್ನ ಗೆಳೆಯ ಮೊಬೈಲ್ ತೆಗೆದು ಕದ್ರಿಯವರ ಒಂದು ಕಛೇರಿಯ ವಿಡಿಯೊ ಹಚ್ಚಿದ. ಥಳಥಳ ಹೊಳೆಯೋ ಜುಬ್ಬಾ, ಹಣೆಗೆ ಕುಂಕುಮ. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಸ್ಯಾಕ್ಸೊಫೋನ್. ಪಕ್ಕದಲ್ಲಿ ಪಿಟೀಲು, ಮೃದಂಗ. ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. ರಾಗದ ಬಗ್ಗೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ದು ಒಂದೇ:

"ಇವರು ಕುಂತಾರಲ್ಲ?"

ಕೂತದ್ದು ಹೇಗೆ?

ಸ್ಯಾಕ್ಸೊಫೋನ್ ಕೂತು ನುಡಿಸೋಕೆ ಅಂತ ಹುಟ್ಟಿದ ವಾದ್ಯ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಇದಕ್ಕೆ ಪೇಟೆಂಟ್ ತೊಗೊಂಡಿದ್ದು 1846ರಲ್ಲಿ, ಪ್ಯಾರಿಸ್‌ನಲ್ಲಿ. ಮಿಲಿಟರಿ ಬ್ಯಾಂಡಿನಲ್ಲಿ ನಡೀತಾ ಊದೋಕೆ ಇದು ಹೇಳಿಮಾಡಿಸಿದ ಹಾಗಿತ್ತು. ಬ್ರಿಟಿಷರ ಬ್ಯಾಂಡುಗಳನ್ನ ನೋಡಿ ನಮ್ಮ ರಾಜರು ತಮ್ಮ ಅರಮನೆಗಳಲ್ಲೂ ಬ್ಯಾಂಡ್ ಇಟ್ಟುಕೊಂಡರು. ಅಂಥ ಬ್ಯಾಂಡುಗಳ ತಮ್ಮಂದಿರೇ ನಮ್ಮ ಲಗ್ನದ ಬ್ಯಾಂಡ್ ಕಂಪನಿಗಳು. ಪೇಟಾ, ಕೋಟು, ಭುಜದ ಮೇಲಿನ ಜರಿಪಟ್ಟಿ ಎಲ್ಲ ಆ ಕಡೆಯಿಂದ ಬಂದದ್ದು.

ಕದ್ರಿಯವರ ಹುಟ್ಟೂರು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿದೆ. ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನೂ ಮೊದಲು ಹಿಡಿದದ್ದು ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ದನಿ ಕೇಳಿದ ಹುಡುಗನಿಗೆ ಅದು ತಲೆಗೆ ಹತ್ತಿತು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿತರು. ಈ ವಾದ್ಯವನ್ನ ಕರ್ನಾಟಕ ಸಂಗೀತಕ್ಕೆ ಬಗ್ಗಿಸೋಕೆ ಸುಮಾರು 20 ವರ್ಷ ಹಿಡಿಯಿತು.

ಯಾಕೆ ಅಷ್ಟು ವರ್ಷ? ಇದು ನಮ್ಮಂಥ ಎಂಜಿನಿಯರುಗಳಿಗೆ ಬೇಗ ತಿಳಿಯುತ್ತೆ. ಶಹನಾಯಿ, ನಾಗಸ್ವರ, ಕೊಳಲಿನಲ್ಲಿ ತೂತು ನೇರವಾಗಿ ಬೆರಳಿನ ಕೆಳಗೇ ಇರುತ್ತೆ. ಬೆರಳನ್ನ ಪೂರ್ತಿ ಎತ್ತಬಹುದು, ಅರ್ಧ ಎತ್ತಬಹುದು, ಮೆಲ್ಲಗೆ ಸರಿಸಬಹುದು. ಸ್ವರ ಒಂದರಿಂದ ಇನ್ನೊಂದಕ್ಕೆ ಜಾರುತ್ತೆ. ಅದೇ ಮೀಂಡ್, ಅದೇ ಗಮಕ. ಸ್ಯಾಕ್ಸೊಫೋನಿನಲ್ಲಿ ಸ್ವರದ ತೂತುಗಳು ದೊಡ್ಡವು, ಬೆರಳು ಅವನ್ನ ಮುಟ್ಟೋದೇ ಇಲ್ಲ. ಬೆರಳು ಒತ್ತೋದು ಕೀಲಿಯನ್ನ, ಕೀಲಿ ಮುಚ್ಚೋದು ತೂತನ್ನ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಕೀಲಿಗಳಿವೆ. ಒತ್ತಿದರೆ ಒಂದು, ಬಿಟ್ಟರೆ ಸೊನ್ನೆ, ಅಪ್ಪಟ ಡಿಜಿಟಲ್. ಕದ್ರಿಯವರು ಮಾಡಿದ್ದು ಈ ಸೊನ್ನೆ ಮತ್ತು ಒಂದರ ನಡುವಿನ ಕೆಲಸ. ತುಟಿಯ ಒತ್ತಡ, ಉಸಿರಿನ ಹಿಡಿತ, ಜೊತೆಗೆ ವಾದ್ಯದಲ್ಲೇ ಕೆಲವು ಮಾರ್ಪಾಡು. ಕಣ್ಣು ಮುಚ್ಚಿ ಕೇಳಿದರೆ ನಾಗಸ್ವರದ ಮಗ ಅನ್ನೋದು ಗೊತ್ತಾಗಿಬಿಡುತ್ತೆ.

ಜಾಝ್‌ನವರು ಇವರನ್ನ ಗುರುತಿಸಿದ್ದು ಇದಕ್ಕೇ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ಕೂಡಿ ನುಡಿಸೋಣ ಅಂತ ತಾವೇ ವೇದಿಕೆಗೆ ಕರೆದರು. ಹ್ಯಾಂಡಿ ಅದಕ್ಕೂ ಮುಂಚೆಯೇ ಸರೋದ್‌ನ ಅಲಿ ಅಕ್ಬರ್ ಖಾನ್ ಜೊತೆ ನುಡಿಸಿದ್ದವರು, ರಾಗದ ರುಚಿ ಗೊತ್ತಿತ್ತು. 1994ರಲ್ಲಿ ಕದ್ರಿಯವರು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತ ಉತ್ಸವಕ್ಕೆ ನುಡಿಸಿದರು. ಅದೇ ವರ್ಷ ಕೆ. ಬಾಲಚಂದರ್ ಅವರ 'ಡ್ಯುಯೆಟ್' ಚಿತ್ರಕ್ಕೆ ಎ.ಆರ್. ರೆಹಮಾನ್ ಸಂಗೀತದಲ್ಲಿ ಇವರ ಸ್ಯಾಕ್ಸೊಫೋನ್ ಮನೆ ಮನೆಗೂ ತಲುಪಿತು. 2004ರಲ್ಲಿ ಪದ್ಮಶ್ರೀ. 'ಸವಾರಿ' ಚಿತ್ರದ ಹಾಡು ಕೇಳಿದ್ದೀರಲ್ಲ, ಅದರ ಸಂಗೀತ ನಿರ್ದೇಶಕ ಮಣಿಕಾಂತ್ ಕದ್ರಿ ಇವರ ಮಗ.

ಇಷ್ಟೂ ಸಾಧನೆಯಲ್ಲಿ ತಿಕೋಟಾದ ಕಾಕಾಗೆ ಮುಟ್ಟಿದ್ದು ಮಾತ್ರ ಒಂದು. ತನ್ನ ಕೈಯಲ್ಲಿರೋ ವಾದ್ಯವನ್ನೇ ಹಿಡಿದ ಒಬ್ಬರು, ಗಾಯಕರ ಸರಿಸಮ, ವೇದಿಕೆಯ ನಟ್ಟನಡುವೆ ಕೂತಿದ್ದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಬರ್ತೀನಿ. ಆದ್ರ ಅವರು ಊದಿದ್ದು ನನಗ ಬರಂಗಿಲ್ಲ, ನಂದ ಊದತೀನಿ. ನಡೀತೈತೇನು?"

ಬರ್ಡ್ ಕಾಲ್ಸ್ ಕೇಳಿದ್ದ ನಮಗೆ ಅದಕ್ಕಿಂತ ಇನ್ನೇನು ಬೇಕು!

ಒಣದ್ರಾಕ್ಷಿ ಶೆಡ್ಡಿನಲ್ಲಿ ಸಂಜೆ

ಜಾಗ ಸಿಕ್ಕಿದ್ದು ಬಬಲೇಶ್ವರದಲ್ಲಿ, ಗೆಳೆಯನ ಹೊಲದ ಒಣದ್ರಾಕ್ಷಿ ಶೆಡ್ಡು. ತಿಕೋಟಾ, ಬಬಲೇಶ್ವರ ಕಡೆ ಬಂದವರಿಗೆ ಗೊತ್ತು, ಸಾಲು ಸಾಲು ಬಲೆಯ ಅಂತಸ್ತು, ಸುತ್ತ ಹಸಿರು ಪರದೆ. ದ್ರಾಕ್ಷಿ ಕಟಾವು ಆಗಿ ಒಣಗಿಸೋದು ಬೇಸಿಗೆ ಕಡೆಗೆ. ಡಿಸೆಂಬರಿನಲ್ಲಿ ಶೆಡ್ಡು ಖಾಲಿ. ಒಂದು ಬದಿಯ ಬಲೆ ಬಿಚ್ಚಿ, ನೆಲಕ್ಕೆ ತಾಡಪತ್ರಿ ಹಾಸಿ, ಅದರ ಮೇಲೆ ಜಮಖಾನೆ. ಎರಡು ಮಂಚ ಕೂಡಿಸಿ ವೇದಿಕೆ. ಕಾಂಕ್ರೀಟ್ ಗೋಡೆ ಇಲ್ಲದ್ದರಿಂದ ದನಿ ಎಲ್ಲೂ ಬಡಿದು ಮರಳಲಿಲ್ಲ. ಗೋಳಗುಮ್ಮಟ ಅಂದಿದ್ದ ಗೆಳೆಯನೇ ಇದನ್ನ ಮೊದಲು ಗಮನಿಸಿದ.

ನಾಲ್ಕು ಮಂದಿ ಕಲಾವಿದರು. ಕಾಕಾ ಸ್ಯಾಕ್ಸೊಫೋನು, ಅವರ ಹಳೆ ಕಂಪನಿಯ ಒಬ್ಬರು ಕ್ಲಾರಿನೆಟ್, ಹೈಸ್ಕೂಲಿನ ಸಂಗೀತ ಮಾಸ್ತರರು ಹಾರ್ಮೋನಿಯಂ, ಮೊಹರಮ್ಮಿಗೆ ಹಲಗಿ ಬಾರಿಸೋ ಒಬ್ಬ ಹುಡುಗ. ಮೊದಲ ಸಮಸ್ಯೆ ಶ್ರುತಿಯದು. ಮಾಸ್ತರರು ಯಾವಾಗಲೂ ಹಾಡೋದು ಕಾಳಿ ಒಂದರಲ್ಲಿ. ಆಲ್ಟೊ ಸ್ಯಾಕ್ಸೊಫೋನಿಗೆ ಸಲೀಸು ಕಾಳಿ ಎರಡು. "ನೀವು ಒಂದ ಮನಿ ಮ್ಯಾಲ ಬರ್ರಿ ಮಾಸ್ತರ್ರ," ಅಂದರು ಕಾಕಾ. ಮಾಸ್ತರರು ಬಂದರು.

ಊಟ ಸಂಗೀತಕ್ಕಿಂತ ಮುಂಚೆ ಇಟ್ಟಿದ್ದೆವು. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರು. ಮೊದಲ ಪಂಕ್ತಿಯಲ್ಲಿ ಕಲಾವಿದರು, ಅವರ ಮನೆಯವರು. ಬಡಿಸಿದ್ದು ನಾವು. ಕಾಕಾನ ಮಗ ಡಿಜೆ ಕೆಲಸ ಬಿಟ್ಟು ಬಂದಿದ್ದ, ಮೈಕಿನ ವ್ಯವಸ್ಥೆ ಅವನದೇ. "ಅಪ್ಪನ ದನಿಗೆ ಬಾಸ್ ಏರಿಸಬಾರದು," ಅಂತ ತಾನೇ ಹೇಳಿ ಒಂದೇ ಮೈಕ್ ಇಟ್ಟ.

ಕಾಕಾ ಮಂಚದ ಮೇಲೆ ಕೂತರು. ಕೂತು ಊದಿ ಅಭ್ಯಾಸವಿಲ್ಲದೆ ಮೊದಲ ಐದು ನಿಮಿಷ ಉಸಿರು ಕೂಡಲಿಲ್ಲ. ನಿಂತಾಗ ಹೊಟ್ಟೆಯಿಂದ ಬರೋ ಗಾಳಿ ಕೂತಾಗ ಎದೆಯಲ್ಲೇ ಸಿಕ್ಕಿಕೊಳ್ಳುತ್ತೆ. ಒಂದು ದಿಂಬು ಕೊಟ್ಟೆವು, ಅದರ ಮೇಲೆ ಎತ್ತರಿಸಿ ಕೂತರು. ಬೆನ್ನು ನೆಟ್ಟಗಾಯಿತು. ಆಮೇಲೆ ಭೀಮಪಲಾಸಿ ಹಿಡಿದರು. ಶಾಸ್ತ್ರ ಕಲಿತವರಲ್ಲ. ನಾಟ್ಯಗೀತೆ, ಹಳೆ ಸಿನಿಮಾ ಹಾಡು, ಭಜನೆ, ಇವುಗಳ ಒಳಗಿಂದ ರಾಗ ಗುರುತು ಹಿಡಿದವರು. ಎಲ್ಲೋ ಒಂದು ಕಡೆ ಕೀಲಿ ಗಾಳಿ ಬಿಟ್ಟು ಸ್ವರ ಬಿರುಕು ಬಿಟ್ಟಿತು. ಕಾಕಾ ಅದೇ ಬಿರುಕಿಗೆ ಮತ್ತೆರಡು ಸಲ ಹೋಗಿ ಅದನ್ನ ಬೇಕೆಂದೇ ಮಾಡಿದ ಹಾಗೆ ಮಾಡಿದರು. ಜನ ನಕ್ಕರು, ಅವರೂ ಕಣ್ಣಲ್ಲೇ ನಕ್ಕರು. ಜಾಝ್‌ನವರು ಇದಕ್ಕೇ ಅಲ್ವಾ ಪ್ರಾಣ ಬಿಡೋದು!

ಆಮೇಲೆ ಷರೀಫರ ತತ್ವಪದದ ಧಾಟಿ. ಅದಕ್ಕೆ ಕ್ಲಾರಿನೆಟ್ಟು ಉತ್ತರ ಕೊಡೋದು, ಸ್ಯಾಕ್ಸೊಫೋನು ಮತ್ತೆ ಕೇಳೋದು. ಅಲಾವಿ ಪದದ ಹೆಜ್ಜೆಗೆ ಹಲಗಿ ಬಂದಾಗ ಹಿಂದೆ ಕೂತಿದ್ದ ಅಜ್ಜಂದಿರು ಎದ್ದು ನಿಂತರು. ನಡುವೆ ನಾವು ಕಿನ್ಸ್‌ಮೆನ್ ಆಲ್ಬಮಿನ ಒಂದು ತುಣುಕನ್ನ ಸ್ಪೀಕರಿನಲ್ಲಿ ಕೇಳಿಸಿದೆವು. ಅದರಲ್ಲಿ ಎರಡು ಆಲ್ಟೊ ಸ್ಯಾಕ್ಸೊಫೋನುಗಳಿವೆ. ಒಂದು ಬಳ್ಳಿಯ ಹಾಗೆ ಬಳುಕುತ್ತೆ, ಅದು ಕದ್ರಿಯವರದು. ಇನ್ನೊಂದು ಚೂಪಾಗಿ ತಿರುವು ತೊಗೊಂಡು ಓಡುತ್ತೆ, ಅದು ರುದ್ರೇಶ್ ಅವರದು. ಕಾಕಾ ಕೇಳಿ ಹೇಳಿದ್ದು: "ಅವ ಓಡ್ಯಾನ, ಇವರು ಹಿಡಿದಾರ."

ಈ ಸಾಲಿಗಿಂತ ಒಳ್ಳೆ ವಿಮರ್ಶೆ ನಾನು ಆ ಆಲ್ಬಮಿನ ಬಗ್ಗೆ ಇನ್ನೂ ಓದಿಲ್ಲ.

ಕೊನೆಗೆ ಭೈರವಿ. ಎಂಬತ್ತು ಮಂದಿ ಇದ್ದರೇನೋ. ಚಳಿ ಇತ್ತು, ಯಾರೂ ಏಳಲಿಲ್ಲ.

ಹೆಸರು ಒಂದು ಕಡೆ, ಹೊಟ್ಟೆ ಒಂದು ಕಡೆ

ಖರ್ಚಿನ ಲೆಕ್ಕ ಬರೀತೀನಿ, ನಿಮಗೂ ಉಪಯೋಗ ಆಗುತ್ತೆ. ಹನ್ನೊಂದು ಮಂದಿ ತಲಾ 2,000 ರೂಪಾಯಿ ಹಾಕಿದೆವು, ಒಟ್ಟು 22,000. ನಾಲ್ಕು ಕಲಾವಿದರಿಗೆ ತಲಾ 4,000, ಅಂದರೆ 16,000. ಊಟಕ್ಕೆ 4,500. ಮೈಕಿಗೆ 1,500. ಶಾಲು, ಹಾರ, ಫ್ಲೆಕ್ಸ್ ಇರಲಿಲ್ಲ. ಫ್ಲೆಕ್ಸ್ ಬೇಕೇ ಬೇಕು ಅಂದವರು ಇದ್ದರು. ಆ ರೊಕ್ಕ ಹಲಗಿ ಹುಡುಗನಿಗೆ ಹೋಗಲಿ ಅಂತ ತೀರ್ಮಾನ ಆಯಿತು.

ಈ ವಿಷಯದಲ್ಲಿ ನಾನು ಹಟ ಹಿಡಿದದ್ದಕ್ಕೆ ಕಾರಣ ಚಾರ್ಲಿ ಪಾರ್ಕರ್. ಕದ್ರಿಯವರು ಹುಟ್ಟಿ ಒಂಬತ್ತು ದಿನಕ್ಕೆ, ಅಂದರೆ 1949ರ ಡಿಸೆಂಬರ್ 15ಕ್ಕೆ, ನ್ಯೂಯಾರ್ಕ್‌ನಲ್ಲಿ 'ಬರ್ಡ್‌ಲ್ಯಾಂಡ್' ಅನ್ನೋ ಜಾಝ್ ಕ್ಲಬ್ ತೆರೆಯಿತು. ಬದುಕಿದ್ದಾಗಲೇ ಪಾರ್ಕರ್ ಅವರ ಹೆಸರಿನಲ್ಲಿ ಕ್ಲಬ್! ಆದರೆ ಆಗ ಆ ಊರಿನ ಕ್ಲಬ್ಬುಗಳಲ್ಲಿ ನುಡಿಸೋಕೆ ಒಂದು ಪರವಾನಗಿ ಕಾರ್ಡ್ ಬೇಕಿತ್ತು. 1951ರಲ್ಲಿ ಪಾರ್ಕರ್ ಅವರ ಕಾರ್ಡನ್ನ ಕಿತ್ತುಕೊಂಡರು. ಬಾಗಿಲ ಮೇಲೆ ಇವರ ಹೆಸರು, ಒಳಗೆ ನುಡಿಸೋಕೆ ಇವರಿಗೆ ಕಾರ್ಡಿಲ್ಲ. ಅದೇ ಕಾಲಕ್ಕೆ ಅಮೆರಿಕದಲ್ಲಿ ಎಷ್ಟೋ ಕಡೆ ಕಪ್ಪು ಕಲಾವಿದರು ವೇದಿಕೆಗೆ ಹಿಂದಿನ ಬಾಗಿಲಿನಿಂದ ಬರಬೇಕಿತ್ತು, ಮುಂದೆ ಕೂತು ಉಣ್ಣೋ ಹಾಗಿರಲಿಲ್ಲ. ಟೆಂಪೊ ಹತ್ತಿರ ತಾಟು ಹಿಡಿದು ನಿಲ್ಲೋ ನಮ್ಮ ಬ್ಯಾಂಡಿನವರು ಇದನ್ನ ಕೇಳಿದರೆ ಅವರಿಗೆ ಅನುವಾದ ಬೇಕಾಗೋದಿಲ್ಲ.

ಹೋದ ಕಲಾವಿದರಿಗೆ ನಾವು ಕೊಡೋ ಗೌರವ ಇರೋ ಕಲಾವಿದರ ಕೈಗೆ ತಲುಪಬೇಕು, ನನಗೆ ಈ ಕಾರ್ಯಕ್ರಮದಿಂದ ಅರ್ಥ ಆಗಿದ್ದು ಇಷ್ಟೇ. ಕದ್ರಿಯವರಿಗೆ ನಮ್ಮ 22,000 ಬೇಕಾಗಿರಲಿಲ್ಲ. ಅವರು ಬೀದಿಯ ವಾದ್ಯವನ್ನ ವೇದಿಕೆ ಮೇಲೆ ಕೂರಿಸಿ ಹೋದರು. ಅದನ್ನ ಕೈಯಲ್ಲಿ ಹಿಡಿದವರನ್ನ ಕೂರಿಸೋದು ನಮ್ಮ ಪಾಲಿನ ಕೆಲಸ.

ಒಂದು ಸಂಜೆಯಿಂದ ಎಲ್ಲ ಬದಲಾಯಿತು ಅಂತ ಹೇಳೋಕೆ ಬರೋದಿಲ್ಲ. ಡಿಜೆಗಳು ಹಾಗೇ ಇವೆ. ಕಾಕಾಗೆ ಆ ಸಂಜೆ ಬಂದಿದ್ದ ಒಬ್ಬರು ಮಗಳ ನಿಶ್ಚಿತಾರ್ಥಕ್ಕೆ ಕೂತು ನುಡಿಸೋಕೆ ಕರೆದರು, ಇನ್ನೊಂದು ಕಡೆ ಗೃಹಪ್ರವೇಶಕ್ಕೆ. ಎರಡೇ. ವಾದ್ಯ ಕೊಳ್ಳೋಕೆ ಬಂದಿದ್ದ ಗಿರಾಕಿಗೆ ಕಾಕಾ ಇನ್ನೂ "ನೋಡೂಣು" ಅಂತಿದ್ದಾರೆ. ಪ್ಯಾಡ್ ಬದಲಾಯಿಸೋಕೆ ಅಂತ ನಮ್ಮ ಗ್ರೂಪಿನಲ್ಲಿ ಈಗ ಎರಡನೇ ಸಲ ಪಟ್ಟಿ ಎತ್ತಿದ್ದೀವಿ.

ನಿಮ್ಮ ಲಗ್ನದ ಪಟ್ಟಿಗೆ ಒಂದು ಸಾಲು

ಓದೋರಲ್ಲಿ ಅರ್ಧ ಮಂದಿಗೆ ಮುಂದಿನ ಎರಡು ಮೂರು ವರ್ಷದಲ್ಲಿ ಲಗ್ನ ಇರುತ್ತೆ, ಇಲ್ಲಾಂದ್ರೆ ತಮ್ಮನದೋ ತಂಗಿಯದೋ ಇರುತ್ತೆ. ಡಿಜೆ ಬೇಡ ಅಂತ ಹೇಳಿ ಮನೆಯಲ್ಲಿ ಜಗಳ ಹಚ್ಚೋ ಉದ್ದೇಶ ನನಗಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ಊಟದ ಹೊತ್ತಿಗೆ ಒಂದೇ ಒಂದು ಗಂಟೆ ನಿಮ್ಮೂರಿನ ಬ್ಯಾಂಡಿನವರನ್ನೋ ಸನಾದಿಯವರನ್ನೋ ಕೂರಿಸಿ. 'ಜೋರ ಊದ್ರಿ' ಅನ್ನಬೇಡಿ, 'ನಿಮಗ ಇಷ್ಟ ಆಗಿದ್ದು ಊದ್ರಿ' ಅನ್ನಿ. ಅವರು ಮೂವತ್ತು ವರ್ಷದಿಂದ ಯಾರೂ ಕೇಳದ ಏನನ್ನೋ ಇಟ್ಟುಕೊಂಡಿರ್ತಾರೆ. ಅಡ್ವಾನ್ಸ್ ಮೊದಲೇ ಕೊಡಿ, ಬಾಕಿ ಅವತ್ತೇ ಕೊಡಿ.

ಇವತ್ತು ಮನೆಗೆ ಹೋಗ್ತಾ ಬಸ್ಸಿನಲ್ಲೋ ಮೆಟ್ರೊದಲ್ಲೋ ಕೇಳೋಕೆ ಮೂರು ಹೆಸರು: ಕದ್ರಿಯವರ ಯಾವುದಾದರೂ ಒಂದು ಪೂರ್ತಿ ಕಛೇರಿ, ಆಮೇಲೆ ಕಿನ್ಸ್‌ಮೆನ್, ಆಮೇಲೆ ಬರ್ಡ್ ಕಾಲ್ಸ್. ಇದೇ ಕ್ರಮದಲ್ಲಿ ಕೇಳಿದರೆ ದಾರಿ ಸಲೀಸು. ಜಾಝ್ ಮೊದಲ ಸಲ ಕಿವಿಗೆ ಗಲಾಟೆ ಅನ್ನಿಸಿದರೆ ಹೆದರಬೇಡಿ, ಒಂದು ವಾದ್ಯವನ್ನ ಮಾತ್ರ ಹಿಡಿದು ಕೊನೆ ತನಕ ಹೋಗಿ. ಕಾಕಾ ಮಾಡಿದ್ದೂ ಅದೇ.

ಬರೋ ಡಿಸೆಂಬರ್ 6ಕ್ಕೂ ಸಂಗೀತ ಇಟ್ಟುಕೊಂಡಿದ್ದೀವಿ. ಈ ಸಲ ತಿಕೋಟಾದಲ್ಲಿ, ಕಾಕಾನ ಓಣಿಯಲ್ಲೇ. ಕ್ಲಾರಿನೆಟ್ಟಿನವರ ಮೊಮ್ಮಗಳು ಹತ್ತನೇ ಇಯತ್ತೆಯಲ್ಲಿ ಓದ್ತಾಳೆ, ವಾರಕ್ಕೆ ಎರಡು ದಿನ ಕಾಕಾನ ಹತ್ತಿರ ಸ್ಯಾಕ್ಸೊಫೋನ್ ಕಲಿಯೋಕೆ ಹೋಗ್ತಿದ್ದಾಳೆ. ಸದ್ಯ ಸಾ ಒಂದೇ ನೆಟ್ಟಗೆ ಬರುತ್ತಂತೆ. ಡಿಸೆಂಬರಿನ ತನಕ ಇನ್ನೂ ಆರು ಸ್ವರಕ್ಕೆ ಟೈಮ್ ಐತಿ ಅಂತಾರೆ ಕಾಕಾ.